ವಿಮಾನೋದ್ಯಮಿ ವಾಲಚಂದ್ ಹೀರಾಚಂದ್
1882ರಲ್ಲಿ ಸೊಲ್ಲಾಪುರದಲ್ಲಿ ಜನಿಸಿ, 1933ರಲ್ಲಿ ನಾಸಿಕ ಜಿಲ್ಲೆಯ ರಾವಳಗಾಂವದಲ್ಲಿ ಸಕ್ಕರೆ ಉದ್ಯಮವನ್ನು ಸ್ಥಾಪಿಸಿದ ಶೇಠ್ ವಾಲಚಂದರನ್ನು ಕನ್ನಡಿಗರಾದ ನಾವು ನೆನೆಯಬೇಕಾದುದು ಬೆಂಗಳೂರಿನ ವಿಮಾನ ಕಾರ್ಖಾನೆಗಾಗಿ. ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಅವರು 1940ರ ಡಿಸೆಂಬರಿನಲ್ಲಿ ಅದನ್ನು ಆರಂಭಿಸಿದರು. ಯುದ್ಧ ಸಮೀಪಿಸಲು 1942ರಲ್ಲಿ ಭಾರತ ಸರ್ಕಾರ ಅವರ ಪಾಲನ್ನು ಕೊಂಡಿತು. 1943ರಲ್ಲಿ ಅಮೆರಿಕನ್ ಸೈನ್ಯದ ಆಡಳಿತಕ್ಕೆ ಒಳಪಟ್ಟ ಕಾರ್ಖಾನೆ ನಿರ್ಮಾಣವನ್ನು ಬಿಟ್ಟು ದುರಸ್ತಿಗೆ ನಿಂತಿತು. ಕಟ್ಟಿದವರಿಗೆ ಇದು ಕಹಿಯೇ ಸರಿ. ಆದರೂ ಕಾವಿನಿಂದ ಸವೆದ ಎಂಜಿನನ್ನು ಬಿಚ್ಚಿ, ಬಿರುಕನ್ನು ಹುಡುಕಿ, ಕೆಟ್ಟ ಭಾಗವನ್ನು ಸರಿಪಡಿಸುವ ವಿದ್ಯೆ ನಮ್ಮ ಕೆಲಸಗಾರರ ಕೈಗೆ ಹತ್ತಿತು. ಅಲಗುಗಳು ಕೆಂಪಗೆ ಕಾದು ತಿರುಗುತ್ತ ಹಿಗ್ಗಿ ಸೀಳುವ ಗ್ಯಾಸ್ ಟರ್ಬೈನಿಗಂತೂ ಈ ವಿದ್ಯೆಯಿಲ್ಲದೆ ಗತ್ಯಂತರವಿಲ್ಲ. 1953ರಲ್ಲಿ ವಾಲಚಂದರು ತೀರಿಕೊಂಡರು. ಮಿಗ್ ಜೆಟ್ ವಿಮಾನಗಳ ಕಾರ್ಖಾನೆ 1964ರಲ್ಲಿ ತಲೆಯೆತ್ತಿದ್ದು ಅವರ ರಾವಳಗಾಂವವಿರುವ ಜಿಲ್ಲೆಯಲ್ಲೇ, ಓಝರಿನಲ್ಲಿ.