ಬೆಳತೂರಿನ ದೇಕಬ್ಬೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹಾಳುಗುಡಿಗಳನ್ನು ನೋಡಹೊರಟವರಿಗೆ ವೀರಗಲ್ಲು, ಮಾಸ್ತಿಗಲ್ಲುಗಳು ಎದುರಾಗುತ್ತವೆ. ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ತೋಳು ಮಾಸ್ತಿಗಲ್ಲಿನ ಗುರುತು. ಜನ ಅದನ್ನು ಮಾಸ್ತಮ್ಮನೆಂದು ಪೂಜಿಸುತ್ತಾರೆ. ಆದರೆ ಆ ತೋಳು ಯಾರದೆಂಬುದು ಬಹುಮಟ್ಟಿಗೆ ಮರೆತುಹೋಗಿದೆ. ಹೆಸರೂ ಕಥೆಯೂ ಉಳಿದುಬಂದ ಕೆಲವರಲ್ಲಿ ದೇಕಬ್ಬೆ ಒಬ್ಬಳು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ದೊರೆತ ಅವಳ ಶಾಸನ ಕ್ರಿ.ಶ. 1057ರದು. ಬಿ. ಎಲ್. ರೈಸರು 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅದನ್ನು ಪ್ರಕಟಿಸಿದರು.

ದೇಕಬ್ಬೆ ನುಗುನಾಡಿನ ಒಡೆಯ ರವಿಗನ ಮಗಳು. ನವಲೆನಾಡಿನ ಏಚನ ಕೈಹಿಡಿದವಳು. ಗಂಗವಾಡಿಯಲ್ಲಿ ಆಗ ಚೋಳರ ಆಳ್ವಿಕೆ. ಏಚನು ಹೆಸರಾದ ಜಟ್ಟಿ. ಮಲ್ಲಯುದ್ಧದಲ್ಲಿ ಅವನು ದಾಯಾದಿಯೊಬ್ಬನನ್ನು ಕೊಂದನು. ಅರಸನ ಆಜ್ಞೆಯಂತೆ ತಲಕಾಡಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಸುದ್ದಿ ಕೇಳಿದೊಡನೆ ದೇಕಬ್ಬೆ ಅಗ್ನಿಪ್ರವೇಶಕ್ಕೆ ಮನಸ್ಸು ಮಾಡಿದಳು. ತಾಯಿತಂದೆಗಳು ತಡೆದರು, ಬಂಧುಗಳು ಬೇಡಿಕೊಂಡರು. ಅವಳು ಯಾರಿಗೂ ಮಣಿಯಲಿಲ್ಲ. ದಾನಧರ್ಮಗಳನ್ನು ಮಾಡಿ, ದೇವರಿಗೆ ಕೈಮುಗಿದು, ಉರಿಯನ್ನು ಹೊಕ್ಕಳು.

ಈ ಶಾಸನವನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೆ ಒಂದು ಇಕ್ಕಟ್ಟು ಒದಗುತ್ತದೆ. ಪದ್ಯಗಳ ಓಟ, ದೇಕಬ್ಬೆಯ ನಿಲುವಿನ ತೀವ್ರತೆ ಕೇಳುವವರನ್ನು ಸೆರೆಹಿಡಿಯುತ್ತವೆ. ಹಾಗಾದರೆ ಈ ಸಾವನ್ನು ಮೆಚ್ಚಬೇಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದರೆ ಉಪಾಧ್ಯಾಯನು ನುಣುಚಿಕೊಳ್ಳುವಂತಿಲ್ಲ. ಬ್ರಿಟಿಷ್ ಬಂಗಾಳದಲ್ಲಿ 1829ರಲ್ಲಿಯೇ ಸಹಗಮನ ನಿಷಿದ್ಧವಾಯಿತು. 1987ರ ಕಾಯಿದೆ ಅದರ ವೈಭವೀಕರಣವನ್ನೂ ಅಪರಾಧವೆಂದಿತು. ಕಾವ್ಯದ ಸೊಗಸು ಆಚಾರಕ್ಕೆ ಸಮರ್ಥನೆಯಾಗದು.

ನಾನು ಅವರ ಗಮನವನ್ನು ಶಾಸನದ ಮತ್ತೊಂದು ಮುಖದ ಕಡೆಗೆ ಸೆಳೆಯುತ್ತೇನೆ. ಸತಿಯನ್ನು ಹೊಗಳಲೆಂದೇ ಹೊರಟ ಕವಿ, ಅವಳನ್ನು ಉಳಿಸಿಕೊಳ್ಳಲು ಹೆಣಗಿದವರ ಮಾತನ್ನು ಬಿಟ್ಟುಬಿಡಬಹುದಾಗಿತ್ತು. ಬಿಡಲಿಲ್ಲ. ಹನ್ನೊಂದನೆಯ ಶತಮಾನದಲ್ಲಿಯೂ ಮಗಳು ಬದುಕಲೆಂದು ಅಂಗಲಾಚಿದ ಹೆತ್ತವರಿದ್ದರೆಂಬುದಕ್ಕೆ ಆ ಪದ್ಯಗಳೇ ಸಾಕ್ಷಿ. ದೇಕಬ್ಬೆ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಅವಳನ್ನು ಎದೆಗವಚಿಕೊಳ್ಳಲು ಒಂದು ಮನೆಯಿತ್ತು. ಅದು ತಿಳಿದ ಮೇಲೆ ಹೆಸರಿಲ್ಲದ ಮಾಸ್ತಿಗಲ್ಲಿನ ಮುಂದೆಯೂ ನನ್ನ ಮನಸ್ಸು ಮೊದಲು ನೆನೆಯುವುದು ಆ ತೋಳನ್ನು ಹಿಡಿದು ತಡೆಯಲೆತ್ನಿಸಿದ ಕೈಗಳನ್ನು.