ಬ್ರಹ್ಮಗಿರಿಗೆ ಬಂದ ಬ್ರಿಗೇಡಿಯರ್

ಕಳೆದ ಬೇಸಗೆಯಲ್ಲಿ ಯಶವಂತಪುರದ ನಮ್ಮ ಬೀದಿಯ ಹಳೆಯ ಮನೆಯೊಂದನ್ನು ಕೆಡವಿ ಹೊಸ ಕಟ್ಟಡಕ್ಕೆ ಪಾಯ ತೆಗೆಯುತ್ತಿದ್ದರು. ಯಂತ್ರದ ಕೆಲಸವಾದುದರಿಂದ ಎರಡೇ ದಿನಗಳಲ್ಲಿ ಆಳೆತ್ತರದ ಹಳ್ಳವಾಯಿತು. ಅದರ ಒಂದು ಪಕ್ಕ ಮಾತ್ರ ಕತ್ತಿಯಿಂದ ಕೊಯ್ದಂತೆ ನೆಟ್ಟಗೆ ನಿಂತಿತ್ತು: ಮೇಲೆ ಗಾರೆಯ ಚೂರು, ಅದರ ಕೆಳಗೆ ಒಡೆದ ಹೆಂಚು, ಆಮೇಲೆ ಬೂದಿಯ ಕಪ್ಪು ಗೆರೆ, ತಳದಲ್ಲಿ ಯಾರೂ ಮುಟ್ಟದ ಕೆಮ್ಮಣ್ಣು. ಬಿಸಿಲಿನಲ್ಲಿ ಅದನ್ನೇ ನೋಡುತ್ತ ನಿಂತ ನನ್ನನ್ನು ಮೇಸ್ತ್ರಿ ಅನುಮಾನದಿಂದ ನೋಡಿದ. ನನಗಾಗ ನೆನಪಾದವರು ಮಾರ್ಟಿಮರ್ ವ್ಹೀಲರ್. ಮಣ್ಣಿನ ಪದರಗಳನ್ನು ಗ್ರಂಥದ ಪುಟಗಳಂತೆ ಓದುವ ಶಿಸ್ತನ್ನು ನಮ್ಮ ದೇಶದ ಒಂದು ತಲೆಮಾರಿಗೆ ಕಲಿಸಿದವರು ಅವರು.

ವ್ಹೀಲರ್ ಹುಟ್ಟಿದ್ದು 1890ರಲ್ಲಿ, ಗ್ಲಾಸ್ಗೋ ನಗರದಲ್ಲಿ. ಲಂಡನ್ನಿನಲ್ಲಿ ಪ್ರಾಚೀನ ಭಾಷಾಸಾಹಿತ್ಯಗಳನ್ನು ಓದಿ, 1913ರಲ್ಲಿ ರಾಕ್ಸೆಟರ್ ಎಂಬಲ್ಲಿನ ರೋಮನ್ ಪಟ್ಟಣದ ಉತ್ಖನನಕ್ಕೆ ಸೇರಿದರು. ಅಲ್ಲಿ ಅವರೊಡನೆ ಕೆಲಸ ಮಾಡಿದ ವಿದ್ಯಾರ್ಥಿಗಳು ಅವರೂ ಸೇರಿ ಐವರು. ಮರುವರ್ಷ ಮಹಾಯುದ್ಧ ಬಂದಿತು. ವ್ಹೀಲರ್ ಫಿರಂಗಿದಳದ ಅಧಿಕಾರಿಯಾಗಿ ಪ್ಯಾಶೆಂಡೇಲಿನ ಕೆಸರಿನಲ್ಲಿ ಕಾದಾಡಿ, ಮಿಲಿಟರಿ ಕ್ರಾಸ್ ಪಡೆದು ಹಿಂತಿರುಗಿದರು. ಉಳಿದ ನಾಲ್ವರು ಹಿಂತಿರುಗಲಿಲ್ಲ. ಈ ಸಂಗತಿಯನ್ನು ಮರೆತರೆ ಆ ಮನುಷ್ಯನ ಆತುರವಾಗಲಿ ಗಡಸಾಗಲಿ ನಮಗೆ ಅರ್ಥವಾಗದು. ತನ್ನ ಶಾಸ್ತ್ರದ ಒಂದು ಪೀಳಿಗೆಯೇ ನೆಲದ ಪಾಲಾದಾಗ ಬದುಕುಳಿದವನಿಗೆ ಇನ್ನೊಂದು ಪೀಳಿಗೆಯನ್ನು ಬೆಳೆಸುವುದು ಋಣವಾಗಿ ಕಂಡಿರಬೇಕು.

ವೆರುಲೇಮಿಯಂ, ಮೇಡನ್ ಕಾಸಲ್ ಮೊದಲಾದ ಅವರ ಉತ್ಖನನಗಳು ಇಂಗ್ಲೆಂಡಿನಲ್ಲಿ ಪ್ರಸಿದ್ಧವಾದವು. ನೆಲವನ್ನು ಚೌಕಗಳಾಗಿ ಗುರುತಿಸಿ, ನಡುವೆ ಅಗೆಯದ ಗೋಡೆಗಳನ್ನು ಉಳಿಸಿಕೊಂಡು, ಪ್ರತಿ ಪದರಕ್ಕೂ ಅಂಕೆ ಹಾಕಿ, ಸಿಕ್ಕಿದ ಪ್ರತಿ ಚೂರನ್ನೂ ಅದರ ಪದರದ ಲೆಕ್ಕಕ್ಕೆ ಬರೆಯುವುದು ಅವರ ಪದ್ಧತಿ. ಇದರಲ್ಲಿ ಪತ್ನಿ ಟೆಸ್ಸಾ ಅವರ ಪಾಲು ದೊಡ್ಡದು. 1936ರಲ್ಲಿ ಆಕೆ ತೀರಿಕೊಂಡರು. ಕೀರ್ತಿಯ ಹಂಚಿಕೆಯಲ್ಲಿ ಆಕೆಗೆ ನ್ಯಾಯ ದೊರೆಯಲಿಲ್ಲವೆಂದೇ ನನ್ನ ಭಾವನೆ. ಮೇಡನ್ ಕಾಸಲಿನಲ್ಲಿ ಕೆಲಸ ಕಲಿತವರಲ್ಲಿ ಹಸಮುಖ ಸಂಕಾಲಿಯಾ ಎಂಬ ಭಾರತೀಯ ತರುಣರೂ ಇದ್ದರು. ಆ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಎರಡನೆಯ ಮಹಾಯುದ್ಧದಲ್ಲಿ ವ್ಹೀಲರ್ ಮತ್ತೆ ಸೈನಿಕರಾದರು. ಎಲ್ ಅಲಮೇನ್ ಕದನವನ್ನು ಕಂಡು ಬ್ರಿಗೇಡಿಯರ್ ಪದವಿಗೇರಿದ್ದ ಅವರಿಗೆ ರಣರಂಗದಲ್ಲಿದ್ದಾಗಲೇ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಲು ಕರೆ ಬಂದಿತು. 1944ರಲ್ಲಿ ಇಲ್ಲಿಗೆ ಬಂದವರು ಅದೇ ವರ್ಷ ತಕ್ಷಶಿಲೆಯಲ್ಲಿ ಉತ್ಖನನದ ಪಾಠಶಾಲೆಯನ್ನೇ ತೆರೆದರು. ಅವರು ಕಠೋರ ಗುರು. ಹಾರೆ ಹಿಡಿದವನ ಸೋಮಾರಿತನವನ್ನೂ ವಿದ್ವಾಂಸನ ಸೋಮಾರಿತನವನ್ನೂ ಒಂದೇ ದಂಡದಿಂದ ಅಳೆದವರು.

ಯಶವಂತಪುರವನ್ನು ಹಾದು ಹೋಗುವ ತುಮಕೂರು ರಸ್ತೆಯನ್ನೇ ಹಿಡಿದು ಹಿರಿಯೂರು, ಚಳ್ಳಕೆರೆಗಳನ್ನು ದಾಟಿದರೆ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ ಸಿಗುತ್ತದೆ. ಬಹಳ ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದ ಬಂಡೆ, ಸುತ್ತಲೂ ಹಿಂದಿನವರ ಗೋರಿಗಳ ಕಲ್ಲುವೃತ್ತಗಳು, ಬಿಸಿಗಾಳಿ. ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುಂಚೆ, 1947ರಲ್ಲಿ, ವ್ಹೀಲರ್ ಶಿಬಿರ ಹೂಡಿದ್ದು ಇಲ್ಲಿಯೇ. ಆದರೆ ಈ ನೆಲವನ್ನು ಮೊದಲು ಅಗೆದವರು ಅವರಲ್ಲ. ನಮ್ಮ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಮುಂಚೆಯೇ ಉತ್ಖನನ ನಡೆಸಿದ್ದರು. ಅದೇ 1947ರಲ್ಲಿ ಅವರು ನಿಧನ ಹೊಂದಿದರು. ಕನ್ನಡಿಗರು ವ್ಹೀಲರರ ಹೆಸರಿನೊಡನೆ ಈ ಹೆಸರನ್ನೂ ಹೇಳದಿದ್ದರೆ ಅದು ಕೃತಘ್ನತೆ.

ದಕ್ಷಿಣದ ಪ್ರಾಚೀನತೆಗೆ ಕಾಲದ ಅಳತೆಗೋಲು ಇರಲಿಲ್ಲ. ಅದನ್ನು ಹುಡುಕುವುದೇ ವ್ಹೀಲರರ ಗುರಿ. ದಾರಿ ಸಿಕ್ಕಿದ್ದು ಸಮುದ್ರದ ಕಡೆಯಿಂದ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ಅವರು ಇಟಲಿಯ ಕೆಂಪು ಮಡಕೆಯ ಚೂರುಗಳನ್ನು ಕಂಡಿದ್ದರು. ಅವು ಕ್ರಿಸ್ತಶಕದ ಆರಂಭಕಾಲದವೆಂಬುದು ಖಚಿತ. ಅವುಗಳ ಜೊತೆಗೇ ಸಿಕ್ಕಿದ, ಒಳತಳದಲ್ಲಿ ಸಣ್ಣ ಗೀರುಗಳ ಬಳೆಯಿದ್ದ ತಟ್ಟೆಗಳ ಜಾತಿ ಬ್ರಹ್ಮಗಿರಿಯ ಮೇಲುಪದರದಲ್ಲೂ ಕಾಣಿಸಿತು. ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ನಾಣ್ಯ ಸಾಕ್ಷಿ ನುಡಿಯಿತು. ಹೀಗೆ ಮೇಲಿನ ಪದರಕ್ಕೆ ಕಾಲ ನಿಶ್ಚಯವಾದ ಮೇಲೆ ಅದರ ಕೆಳಗಿನ ಕಬ್ಬಿಣದ, ಕಲ್ಲುಗೋರಿಗಳ ಜನ, ಅವರಿಗಿಂತಲೂ ಕೆಳಗಿನ ಕಲ್ಲುಕೊಡಲಿಯ ಜನ ಸರದಿಯಲ್ಲಿ ನಿಂತರು. ದಕ್ಷಿಣದ ಇತಿಹಾಸಪೂರ್ವಕ್ಕೆ ನೆಲದ ಮೇಲೆ ನಿಂತ ಒಂದು ಅನುಕ್ರಮ ದೊರೆಯಿತು.

ಅನುಕ್ರಮ ಸರಿಯಾಗಿತ್ತು, ವರ್ಷಗಳು ಸರಿಯಾಗಿರಲಿಲ್ಲ. ಕಲ್ಲುಗೋರಿಗಳ ಸಂಸ್ಕೃತಿ ಕ್ರಿ. ಪೂ. 200ರ ಸುಮಾರಿಗೆ ಮೊದಲಾಯಿತೆಂದೂ ಕಲ್ಲುಕೊಡಲಿಯ ಕಾಲ ಕ್ರಿ. ಪೂ. ಮೊದಲ ಸಹಸ್ರಮಾನದ ಒಳಗಿನದೆಂದೂ ಅವರು ನಿರ್ಣಯಿಸಿದರು. ಇಂಗಾಲದ ವಿಕಿರಣದಿಂದ ಕಾಲ ತಿಳಿಯುವ ವಿಧಾನ ಆಗಿನ್ನೂ ಬಂದಿರಲಿಲ್ಲವೆಂಬುದನ್ನು ನೆನೆದು ಅವರ ಬಗೆಗೆ ಉದಾರವಾಗಿರೋಣ. ಹರಪ್ಪದ ಜನರನ್ನು ಆರ್ಯರು ಸಂಹರಿಸಿದರೆಂಬ ಅವರ ಊಹೆಗೆ ಮಾತ್ರ ಅಷ್ಟು ಔದಾರ್ಯ ಸಲ್ಲದು. ಅಲ್ಲಿ ಸೇನಾನಿಯ ಕಣ್ಣು ಎಲ್ಲೆಲ್ಲೂ ಯುದ್ಧವನ್ನೇ ಕಂಡಿತು.

1948ರಲ್ಲಿ ಅವರು ಭಾರತವನ್ನು ಬಿಟ್ಟರು; ಆಮೇಲೂ ಅಗೆದರು, ಬರೆದರು, ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ಮನೆಮಾತಾದರು. ಇತ್ತ ಬ್ರಹ್ಮಗಿರಿಯ ತಿದ್ದುಪಡಿ ನಮ್ಮ ನಾಡಿನಿಂದಲೇ ಹೊರಟಿತು. ಸಂಕಾಲಿಯಾ ಅವರು ಬೆಳೆಸಿದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕಲಿತ ಕನ್ನಡಿಗ ಎಂ. ಎಸ್. ನಾಗರಾಜರಾವ್ 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಉತ್ಖನನ ನಡೆಸಿದರು. ಅಲ್ಲಿಯ ಇದ್ದಿಲನ್ನು ಪರೀಕ್ಷಿಸಿದಾಗ ಕಬ್ಬಿಣದ ಕಾಲ ಕ್ರಿ. ಪೂ. 1000ದ ಆಸುಪಾಸಿಗೆ ಹೋಯಿತು. ಕಲ್ಲುಕೊಡಲಿಯ ಕಾಲ ಬೇರೆ ನೆಲೆಗಳ ಸಾಕ್ಷ್ಯದಿಂದ ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಪದರಕ್ಕೆ ಅಂಕೆ ಹಾಕುವ ಅದೇ ಶಿಸ್ತಿನಿಂದ ತೆಗೆದ ಇದ್ದಿಲಾಗಿರದಿದ್ದರೆ ಆ ಪರೀಕ್ಷೆಗೆ ಯಾವ ಬೆಲೆಯೂ ಇರುತ್ತಿರಲಿಲ್ಲ.

ವ್ಹೀಲರ್ ತೀರಿಕೊಂಡದ್ದು 1976ರಲ್ಲಿ. ಎಂಟು ವರ್ಷಗಳ ತರುವಾಯ, 1984ರಲ್ಲಿ, ಒಮ್ಮೆ ಅವರು ಕುಳಿತಿದ್ದ ಮಹಾನಿರ್ದೇಶಕರ ಕುರ್ಚಿಯಲ್ಲಿ ಹಳ್ಳೂರನ್ನು ಅಗೆದ ನಾಗರಾಜರಾಯರು ಕುಳಿತರು.