ಭೂಮಿಯ ಲೆಕ್ಕ ಬರೆದ ಕುಮಾರಪ್ಪ

ಲೆಕ್ಕಿಗರು ಹಳ್ಳಿಗೆ ಬಂದರೆ ಅದು ವಸೂಲಿಗೆ ಎಂಬುದೇ ರೈತರ ಅನುಭವ. ಜೆ.ಸಿ. ಕುಮಾರಪ್ಪ (1892-1960) ಇದಕ್ಕೆ ಅಪವಾದ. ತಂಜಾವೂರಿನಲ್ಲಿ ಜನಿಸಿ, ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿತ ಅವರು ಗಾಂಧೀಜಿಯವರನ್ನು ಕಂಡದ್ದು 1929ರಲ್ಲಿ. ಗಾಂಧೀಜಿ ಒಪ್ಪಿಸಿದ ಕೆಲಸ, ಗುಜರಾತಿನ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಸಮೀಕ್ಷೆ. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳೊಡನೆ 54 ಹಳ್ಳಿಗಳನ್ನು ಸುತ್ತಿ ರೈತರ ಆದಾಯ, ಖರ್ಚು, ಸಾಲಗಳನ್ನು ದಾಖಲಿಸಿದರು. ಕಂದಾಯದ ಹೊರೆ ರೈತನ ಶಕ್ತಿಯನ್ನು ಮೀರಿತ್ತೆಂಬುದು ಅಂಕಿಗಳಿಂದಲೇ ಸಿದ್ಧವಾಯಿತು.

ಕ್ವಿಟ್ ಇಂಡಿಯಾ ಕಾಲದಲ್ಲಿ ಜಬಲ್ಪುರದ ಸೆರೆಮನೆಯಲ್ಲಿದ್ದಾಗ ಬರೆದ 'ಎಕಾನಮಿ ಆಫ್ ಪರ್ಮನೆನ್ಸ್' ಅವರ ಮುಖ್ಯ ಕೃತಿ. ಕಲ್ಲಿದ್ದಲು, ಪೆಟ್ರೋಲಿಯಂ ಬಳಸಿದಷ್ಟೂ ಬರಿದಾಗುವ ಕಣಜ. ಮರ, ನೀರು ಮರಳಿ ತುಂಬುವಂಥವು. ನಾಡಿನ ಆರ್ಥಿಕತೆ ಎರಡನೆಯದನ್ನೇ ನೆಚ್ಚಬೇಕೆಂದು ಅವರು ವಾದಿಸಿದರು. ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಸುಸ್ಥಿರ ಅಭಿವೃದ್ಧಿಯ ವರದಿ ನೀಡಿದ್ದು 1987ರಲ್ಲಿ! ಭೂಬಳಕೆಯ ಬಗೆಗೂ ಅವರದು ಲೆಕ್ಕಿಗನ ನೋಟವೇ: ಲಕ್ಷ ಜನರಿರುವ ಪ್ರದೇಶಕ್ಕೆ ಬೇಕಾದ ಧಾನ್ಯ, ಬೇಳೆ, ತರಕಾರಿಗೆ ಮೊದಲು ಜಮೀನು, ಕಾರ್ಖಾನೆಯ ಕಬ್ಬು, ತಂಬಾಕು ಆನಂತರ.

ಅವರ ಅಧ್ಯಕ್ಷತೆಯ ಕಾಂಗ್ರೆಸ್ ಕೃಷಿ ಸುಧಾರಣಾ ಸಮಿತಿ 1949ರಲ್ಲಿ ಉಳುವವನಿಗೇ ಭೂಮಿ ಎಂದಿತು. ದಿಲ್ಲಿ ಮಾತ್ರ ಬೃಹತ್ ಅಣೆಕಟ್ಟು, ಕಾರ್ಖಾನೆಗಳ ದಾರಿ ಹಿಡಿಯಿತು. ಆರೋಗ್ಯ ಕೆಟ್ಟ ಕುಮಾರಪ್ಪ ಮಧುರೆ ಬಳಿಯ ಕಲ್ಲುಪಟ್ಟಿಯ ಗಾಂಧಿನಿಕೇತನ ಆಶ್ರಮ ಸೇರಿದರು. 1960ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನದಂದೇ, ನಿಧನರಾದರು.